ಸ್ಕ್ರೀನ್‌ಶಾಟ್ ನಂಬಿ ಮಾಲು ಕಳಿಸಬೇಡಿ

ಮನೇಲಿ ಹಪ್ಪಳ, ಉಪ್ಪಿನಕಾಯಿ ಮಾಡಿ ವೆಬ್‌ಸೈಟಲ್ಲಿ ಮಾರೋರು ಏನ್ ಮಾಡ್ತಾರೆ? ತಮ್ಮ ಕ್ಯೂಆರ್ ಕೋಡ್ ಹಾಕಿ, ‘ದುಡ್ಡು ಕಳಿಸಿ, ಸ್ಕ್ರೀನ್‌ಶಾಟ್ ಹಾಕಿ’ ಅಂತಾರೆ. ಸ್ವಾಮಿ, ಆ ಸ್ಕ್ರೀನ್‌ಶಾಟನ್ನ ಯಾರು ಬೇಕಾದ್ರೂ ಸೃಷ್ಟಿ ಮಾಡಬಹುದು! ಮಾಲು ಹೋಗಿರುತ್ತೆ, ದುಡ್ಡು ಬಂದಿರಲ್ಲ.

ಪೇಮೆಂಟ್ ಗೇಟ್‌ವೇ ಇರೋದು ಇದಕ್ಕೇ. ಹಣ ನಿಜವಾಗಿ ಪಾವತಿಯಾಯಿತೇ ಎಂದು ಬ್ಯಾಂಕಿನಿಂದ ಖಚಿತಪಡಿಸಿಕೊಂಡು ಅದು ನಿಮ್ಮ ವೆಬ್‌ಸೈಟಿಗೆ ತಿಳಿಸುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಖಾತೆಗೆ ಜಮಾ. ಪ್ಯಾನ್, ಬ್ಯಾಂಕ್ ಖಾತೆ ವಿವರ ಕೇಳ್ತಾರೆ. ಕೊಡೋ ಮುಂಚೆ ಆ ಕಂಪನಿಗೆ ರಿಸರ್ವ್ ಬ್ಯಾಂಕ್ ಅನುಮತಿ ಇದೆಯಾ ನೋಡಿ.

ಪುಕ್ಕಟೆ ಏನಲ್ಲ. ಕಾರ್ಡ್ ಪಾವತಿಗೆ ನೂರಕ್ಕೆ ಹೆಚ್ಚುಕಮ್ಮಿ 2 ರೂಪಾಯಿ, ಆ ಶುಲ್ಕದ ಮೇಲೆ ಜಿಎಸ್‌ಟಿ ಬೇರೆ. ಯುಪಿಐ ಮೇಲಿನ ಎಂಡಿಆರ್ ಶುಲ್ಕವನ್ನು ಸರ್ಕಾರ 2020ರ ಜನವರಿಯಲ್ಲೇ ತೆಗೆದುಹಾಕಿತು. ಆದರೂ ಗೇಟ್‌ವೇ ಕಂಪನಿ ‘ಸೇವಾಶುಲ್ಕ’ ಅಂತ ಹಾಕಬಹುದು. ಸಹಿ ಹಾಕೋ ಮುಂಚೆ ಆ ಸಾಲು ಹುಡುಕಿ ಓದಿ.