ಮಳೆಗಾಲ ಮತ್ತು ಹಳೆಯ ವಿಮಾನಗಳು

1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಂಚೆ ಹೊತ್ತು ಬಂದಿಳಿದ ಜುಹೂ ನಿಲ್ದಾಣವು ಅಂದು ಮಳೆಗಾಲದಲ್ಲಿ ಕೆಸರುಗದ್ದೆಯಾಗುತ್ತಿತ್ತು. ಆಗ ಆ ವಿಮಾನಸೇವೆಯು ಪುಣೆಗೆ ಸ್ಥಳಾಂತರಗೊಳ್ಳುತ್ತಿತ್ತು.

ಇಂದು ಓಡುದಾರಿ ಗಟ್ಟಿಯಾಗಿದೆ. ಆದರೆ ಬಯಲಿನಲ್ಲಿ ನಿಲ್ಲುವ ಹಳೆಯ ಲಘು ವಿಮಾನಕ್ಕೆ ಮುಂಬಯಿಯ ಮಳೆಯ ಭಯ ತಪ್ಪಿಲ್ಲ. ಬಿಸಿಲಿಗೆ ಬಿರಿದ ಎದುರುಗಾಜಿನ ಅಂಚು, ಆಂಟೆನಾದ ಬುಡ ಇವುಗಳಿಂದ ಒಸರಿದ ನೀರು ಫಲಕದ ಹಿಂದಿನ ರೇಡಿಯೋಗಳ ಮೇಲೆ ತೊಟ್ಟಿಕ್ಕುತ್ತದೆ. ನೀರು ಆರಿದರೂ ತಂತಿಗಳ ಜೋಡಣೆಯಲ್ಲಿ ಕಿಲುಬು ಉಳಿಯುತ್ತದೆ. ದೋಷವು ಕೆಲವು ದಿನಗಳ ನಂತರ, ಮೋಡಗಳ ನಡುವೆ ಪ್ರಕಟವಾದೀತು. ಅಲ್ಲಿ ರೇಡಿಯೋ ಮೂಕವಾದರೆ ಚಾಲಕನ ಪ್ರಾಣಕ್ಕೇ ಅಪಾಯ.

ಉಪಾಯ ಸರಳ: ಮುಂಗಾರಿಗೆ ಮುನ್ನ ಸಂದುಗಳಿಗೆ ಹೊಸ ಲೇಪ, ನಿಂತಾಗ ಹೊದಿಕೆ, ನೆನೆದ ಉಪಕರಣವನ್ನು ಒಣಗಿಸಿ ಪರೀಕ್ಷಿಸುವವರೆಗೆ ವಿದ್ಯುತ್ ಹರಿಸದಿರುವುದು. ಊರಿನಲ್ಲಿ ಹಿರಿಯರು ಮಳೆಗೆ ಮೊದಲೇ ಹೆಂಚು ಕೈಯಾಡಿಸುತ್ತಿದ್ದುದೂ ಇದೇ ವಿವೇಕದಿಂದ.