ಗುಡಿ, ಪರಿಷೆ ಮತ್ತು ನಗರ

ಇಂಗ್ಲೆಂಡಿನಲ್ಲಿ ಬಹುಕಾಲ ‘ಸಿಟಿ’ ಎಂಬ ಮನ್ನಣೆಗೆ ಜನಸಂಖ್ಯೆಗಿಂತ ಕೆಥೆಡ್ರಲ್ ಮುಖ್ಯವಾಗಿತ್ತು. ಸಾಮರ್ಸೆಟ್ ಪ್ರಾಂತ್ಯದ ವೆಲ್ಸ್ ನಮ್ಮ ಒಂದು ಬಡಾವಣೆಗಿಂತ ಚಿಕ್ಕದು. ಆದರೂ ಅದು ನಗರ. 12ನೆಯ ಶತಮಾನದ ಉತ್ತರಾರ್ಧದಲ್ಲಿ ನಿರ್ಮಾಣ ಆರಂಭವಾದ ಅಲ್ಲಿನ ಕೆಥೆಡ್ರಲ್‌ಗೂ ಸಂತೆಯ ಚೌಕಕ್ಕೂ ನಡುವೆ ಇರುವುದು ಒಂದು ಹೆಬ್ಬಾಗಿಲು ಮಾತ್ರ. ಹಿಂದೆ ಭಿಕ್ಷುಕರು ಅಲ್ಲಿ ಕುಳಿತಿರುತ್ತಿದ್ದುದರಿಂದ ಅದಕ್ಕೆ ‘ಪೆನ್ನಿಲೆಸ್ ಪೋರ್ಚ್’, ಎಂದರೆ ಕಾಸಿಲ್ಲದವರ ಬಾಗಿಲು, ಎಂಬ ಹೆಸರು ಉಳಿದಿದೆ. ದೇವಾಲಯ ತನ್ನ ನೆರಳಿನಲ್ಲಿ ಬಡವರಿಗೂ ವ್ಯಾಪಾರಿಗಳಿಗೂ ಎಡೆಕೊಟ್ಟಾಗ ಊರು ಬೆಳೆಯುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಇಂಥ ನಿದರ್ಶನಕ್ಕಾಗಿ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಜಯನಗರಕ್ಕೆ ನೆರೆಯ ಬಸವನಗುಡಿಗೆ ಹೆಸರು ಬಂದದ್ದೇ ದೊಡ್ಡ ಬಸವನ ಗುಡಿಯಿಂದ. ಈ ಗುಡಿಯನ್ನು ಕೆಂಪೇಗೌಡರು ಕಟ್ಟಿಸಿದರೆಂಬುದು ಪ್ರತೀತಿ. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗಟ್ಟಿದಾಗ ಅವರಿಗೆ ಆಸರೆಯಾದ ಬಡಾವಣೆಗಳಲ್ಲಿ ಇದೂ ಒಂದು. ಮುಂದೆ 1917ರಲ್ಲಿ ನ್ಯಾಷನಲ್ ಹೈಸ್ಕೂಲು, 1945ರಲ್ಲಿ ಡಿ.ವಿ.ಜಿ.ಯವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ತಲೆಯೆತ್ತಿದವು. ಭಕ್ತಿ, ವಿದ್ಯೆ, ವಿಚಾರಗಳು ಒಂದೇ ಪರಿಸರದಲ್ಲಿ ನೆಲೆಗೊಂಡವು.

ಕಾರ್ತಿಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ ಈ ಊರಿನ ಪ್ರಾಣ. ಸುಂಕೇನಹಳ್ಳಿಯ ಹೊಲಗಳಲ್ಲಿ ಕಡಲೆಕಾಯಿ ಮೇಯುತ್ತಿದ್ದ ಬಸವ ಕಲ್ಲಾದನೆಂದೂ, ರೈತರು ಮೊದಲ ಫಸಲನ್ನು ಅವನಿಗೆ ಅರ್ಪಿಸತೊಡಗಿದರೆಂದೂ ಐತಿಹ್ಯ. ಆದರೆ ಕಡಲೆಕಾಯಿ ದಕ್ಷಿಣ ಅಮೆರಿಕ ಮೂಲದ ಬೆಳೆ. ಯುರೋಪಿಯನ್ನರ ಹಡಗುಗಳು ಬಂದ ನಂತರವೇ ಅದು ಭಾರತವನ್ನು ಮುಟ್ಟಿತು. ಆದುದರಿಂದ ಕಥೆಯ ಈ ರೂಪ ಅಷ್ಟೇನೂ ಪ್ರಾಚೀನವಿರಲಾರದು. ಇದರಿಂದ ಐತಿಹ್ಯದ ಘನತೆಗೆ ಕುಂದಿಲ್ಲ. ಹೊರನಾಡಿನ ಬೆಳೆಯೊಂದನ್ನು ನಮ್ಮ ರೈತರು ದೇವರಿಗೂ ಒಪ್ಪಿಸಿ ತಮ್ಮದಾಗಿಸಿಕೊಂಡರು. ಸಂಪ್ರದಾಯವು ಜೀವನೋಪಾಯದೊಡನೆ ಬದಲಾಗುತ್ತ ಬಂದಿದೆ ಎಂಬುದೇ ಇದರ ಪಾಠ.

ಇಂದು ಸುಂಕೇನಹಳ್ಳಿಯಲ್ಲಿ ಹೊಲಗಳಿಲ್ಲ. ಪರಿಷೆಯ ಕಾಯಿ ಮಾಗಡಿ, ಚಿಂತಾಮಣಿ, ಕೋಲಾರ ಮುಂತಾದೆಡೆಗಳಿಂದಲೂ ನೆರೆರಾಜ್ಯಗಳಿಂದಲೂ ಬರುತ್ತದೆ. ಬೆಳೆದವರಿಗೂ ತಿನ್ನುವವರಿಗೂ ನಡುವೆ ಉಳಿದಿರುವ ನೇರ ಕೊಂಡಿಗಳಲ್ಲಿ ಈ ರಸ್ತೆಬದಿಯ ರಾಶಿಯೂ ಒಂದು. ನಮ್ಮಂಥ ಬಡಾವಣೆಯ ನಿವಾಸಿಗಳು ಮಾತ್ರ ಸಂಚಾರದ ಅಡಚಣೆ, ಮರುದಿನದ ಕಸ ಎಂದು ಗೊಣಗುತ್ತೇವೆ. ಗೊಣಗಿದವರಲ್ಲಿ ಈ ಲೇಖಕನೂ ಒಬ್ಬ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಮರೆತದ್ದು ಇಷ್ಟೇ: ವಾಹನ ನಿಲುಗಡೆಗೆ ವರ್ಷವಿಡೀ ಬಿಟ್ಟುಕೊಡುವ ಸಾರ್ವಜನಿಕ ಜಾಗಕ್ಕೂ ಬೆಲೆಯುಂಟು, ಅದನ್ನು ನಾವು ಲೆಕ್ಕ ಹಾಕುವುದಿಲ್ಲ.

ಗುಡಿಯ ಕಲ್ಲನ್ನು ಕಾಪಾಡುವುದು ಸುಲಭ. ಅದರ ಮುಂದಿನ ಬೀದಿಯಲ್ಲಿ ಹಳ್ಳಿಯವರಿಗೆ ಕೂರಲು ಜಾಗ, ಕುಡಿಯಲು ನೀರು, ಶೌಚಕ್ಕೆ ವ್ಯವಸ್ಥೆ ಕಲ್ಪಿಸುವುದು ಆಡಳಿತದ ನಿಜವಾದ ಪರೀಕ್ಷೆ. ಪರಿಷೆಯನ್ನು ಕೇವಲ ನೋಟದ ಹಬ್ಬವಾಗಿಸಿ ಮಾರುವವರನ್ನು ಅಂಚಿಗೆ ತಳ್ಳಿದರೆ ಬಸವ ಉಳಿದಾನು, ಬಸವನಗುಡಿ ಉಳಿಯದು.