ದೋಸ್ತ ಅಂದಮ್ಯಾಲೆ ಹೇಳೋದು ಹೆಂಗ?

ಕೇಶ್ವಾಪುರದ ನಮ್ಮ ರೂಮಿನಲ್ಲಿ ಒಂದು ಶನಿವಾರ ರಾತ್ರಿ ಎಂಟು ಮಂದಿ ಕೂತು ಒಂದು ಸಿನಿಮಾ ನೋಡಿದೆವು. ಕ್ಯಾಂಪಸ್ಸಿನಲ್ಲೇ, ಕ್ಲಬ್ಬಿನ ಹೆಸರಿನಲ್ಲೇ ತೋರಿಸಬೇಕು ಅಂತ ಮೊದಲು ಕೇಳಿದ್ದೆವು. ‘ಬ್ಯಾರೆ ಪಿಚ್ಚರ್ ಇದ್ರ ಹೇಳ್ರಿ’ ಅಂತ ಉತ್ತರ ಬಂತು. ಸರಿ, ಒಂದು ಲ್ಯಾಪ್‌ಟಾಪ್, ಒಂದು ಸ್ಪೀಕರ್, ರಮೇಶ ಭವನದ ಕಡೆಯಿಂದ ಕಟ್ಟಿಸಿಕೊಂಡು ಬಂದ ಗಿರ್ಮಿಟ್ಟು, ಮಿರ್ಚಿ. ಸಿನಿಮಾ ಒಂದೂವರೆ ತಾಸಿನದು, ಮಾತು ಮಾತ್ರ ರಾತ್ರಿ ಎರಡರ ತನಕ ನಡೀತು. ಅದರಲ್ಲಿ ಎದ್ದ ಒಂದು ಪ್ರಶ್ನೆ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಅದಕ್ಕೇ ಈ ಲೇಖನ.

ಸಿನಿಮಾದ ಹೆಸರು ‘ಲೋಯೆವ್’. ಇಂಗ್ಲಿಷಿನ ‘ಲವ್’ ಪದದ ಕೊನೆಯ ಎರಡು ಅಕ್ಷರ ಅದಲುಬದಲು ಮಾಡಿದ ಹೆಸರು. ಸುಧಾಂಶು ಸರಿಯಾ ಅವರ ಮೊದಲ ಚಿತ್ರ, ತೀರಾ ಕಡಿಮೆ ದುಡ್ಡಿನಲ್ಲಿ ತೆಗೆದದ್ದು. 2015ರಲ್ಲಿ ಎಸ್ಟೋನಿಯಾ ದೇಶದ ತಾಲಿನ್ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡು, 2017ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಕತೆ ನಾಲ್ಕು ಸಾಲಿನದು. ಸಾಹಿಲ್ ಮುಂಬೈಯಲ್ಲಿದ್ದಾನೆ, ಅವನ ಹಳೇ ಗೆಳೆಯ ಜೈ ನ್ಯೂಯಾರ್ಕಿನಿಂದ ಎರಡು ದಿನಕ್ಕೆ ಬರುತ್ತಾನೆ. ಇಬ್ಬರೂ ಕಾರು ಹತ್ತಿ ಮಹಾಬಳೇಶ್ವರಕ್ಕೆ ಹೋಗುತ್ತಾರೆ. ಹೌದು, ನಮ್ಮ ಕೃಷ್ಣಾ ನದಿ ಹುಟ್ಟುವ ಅದೇ ಮಹಾಬಳೇಶ್ವರ. ಜೈಗೆ ಸಾಹಿಲ್ ಮೇಲೆ ಮನಸ್ಸಿದೆ. ಸಾಹಿಲ್‌ಗೆ ಆಗಲೇ ಅಲೆಕ್ಸ್ ಎಂಬ ಸಂಗಾತಿ ಇದ್ದಾನೆ. ಹೇಳಬೇಕಾದದ್ದನ್ನು ಯಾರೂ ಹೇಳುವುದಿಲ್ಲ, ಹೇಳದೇ ಇರುವುದರಲ್ಲೇ ಚಿತ್ರ ನಡೆಯುತ್ತದೆ. ನೋಡುವವರಿಗೆ ಒಂದು ಮುನ್ಸೂಚನೆ: ಒಂದು ಹಂತದಲ್ಲಿ ಆ ಪ್ರೀತಿ ಬಲವಂತಕ್ಕೆ ತಿರುಗುತ್ತದೆ. ಆ ದೃಶ್ಯ ನೋಡಲು ಕಷ್ಟ. ‘ಪ್ರೀತಿ ಇತ್ತಲ್ಲ’ ಅನ್ನೋ ನೆಪವನ್ನು ಅಲ್ಲಿ ಯಾರೂ ಒಪ್ಪುವಂತಿಲ್ಲ, ನಾವೂ ಒಪ್ಪಲಿಲ್ಲ. ಸಾಹಿಲ್ ಪಾತ್ರ ಮಾಡಿದ ಧ್ರುವ್ ಗಣೇಶ್ 2015ರ ಜನವರಿಯಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಚಿತ್ರ ತೆರೆ ಕಂಡದ್ದನ್ನು ಅವರು ನೋಡಲಿಲ್ಲ.

ಸಿನಿಮಾ ಮುಗಿದ ಮೇಲೆ ನಮ್ಮೊಬ್ಬ ಕೇಳಿದ: ‘ಹಂಗಾದ್ರ ಇಷ್ಟು ವರ್ಷ ದೋಸ್ತ ದೋಸ್ತ ಅಂತ ಹೇಳಿ ಅವ ಮೋಸ ಮಾಡಿದಂಗಾತಲ್ಲೋ?’

ನಗಲಿಲ್ಲ ಯಾರೂ. ಯಾಕಂದರೆ ಆ ಪ್ರಶ್ನೆಯಲ್ಲಿ ಹುರುಳಿದೆ. ಗೆಳೆತನದೊಳಗೆ ಗೆಳೆತನಕ್ಕಿಂತ ಹೆಚ್ಚಿನದು ಅಡಗಿದ್ದರೆ ಮೊದಲಿನದು ಸುಳ್ಳಾಗುತ್ತದೆಯೇ? ಹುಡುಗ-ಹುಡುಗಿಯ ಕತೆಯಲ್ಲಿ ಈ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಅಲ್ಲಿ ಗೆಳೆತನ ಪ್ರೀತಿಯಾಗುವುದೇ ಇಂಟರ್ವಲ್ ಬ್ಲಾಕ್. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ ನೆನಪು ಮಾಡಿಕೊಳ್ಳಿ. ಪ್ರೀತಮ್‌ನ ಪ್ರೀತಿ ಕೈಗೂಡಲಿಲ್ಲ, ಸರಿ. ಆದರೆ ಅವನಿಗೆ ಮಳೆ ಇತ್ತು, ಜೋಗ ಇತ್ತು, ಹಾಡುಗಳಿದ್ದವು. ಸಂಕಟ ತೋಡಿಕೊಳ್ಳಲು ದೇವದಾಸ ಎಂಬ ಮೊಲ ಕೂಡ ಇತ್ತು. ಇಡೀ ಕರ್ನಾಟಕ ಅವನ ಜೊತೆ ಅತ್ತಿತು. ಜೈಗೆ ಮೊಲವೂ ಇಲ್ಲ. ಅವನ ಸಂಕಟ ಗೊತ್ತಿರಬೇಕಾದ ಒಬ್ಬನೇ ಮನುಷ್ಯ ಪಕ್ಕದ ಸೀಟಿನಲ್ಲಿ ಕೂತಿದ್ದಾನೆ, ಅವನಿಗೇ ಹೇಳುವಂತಿಲ್ಲ.

ಯಾಕೆ ಹೇಳುವಂತಿಲ್ಲ ಅನ್ನೋದೇ ಈ ಬಗೆಯ ಚಿತ್ರಗಳ ತಿರುಳು. ಹೊರಗಿನಿಂದ ನೋಡಿದವರು ಅಪ್ಪ, ಸಮಾಜ, ಕಾನೂನು ಅನ್ನುತ್ತಾರೆ. ಅವೆಲ್ಲ ಇವೆ. ಆದರೆ ನಮಗೆ ಅನ್ನಿಸಿದ ಕಾರಣ ಇನ್ನೂ ಹತ್ತಿರದ್ದು. ನಮ್ಮ ಕಡೆ ಗಂಡು ಹುಡುಗರ ಗೆಳೆತನಕ್ಕೆ ಬಹಳ ಸಲಿಗೆ ಉಂಟು. ಹೆಗಲ ಮೇಲೆ ಕೈ ಹಾಕಿಕೊಂಡು ಕುಸುಗಲ್ ರಸ್ತೆ ತುಂಬ ಅಡ್ಡಾಡಬಹುದು, ಒಂದೇ ತಾಟಿನಲ್ಲಿ ಉಣ್ಣಬಹುದು, ಒಂದೇ ಗಾದಿಯ ಮೇಲೆ ಮಲಗಬಹುದು, ಯಾರೂ ತಿರುಗಿ ನೋಡುವುದಿಲ್ಲ. 2001ರ ‘ದಿಗ್ಗಜರು’ ಬಂದಮೇಲಂತೂ ‘ಕುಚಿಕು’ ಅನ್ನೋದು ಆಡುಮಾತೇ ಆಗಿಹೋಯ್ತು. ಪ್ರೀತಿಸುವ ಹುಡುಗನಿಗೆ ಈ ಸಲಿಗೆಯೇ ನೆರಳು, ಈ ಸಲಿಗೆಯೇ ಬಲೆ. ಬಾಯಿ ಬಿಡದಿದ್ದರೆ ದಿನಾ ಅವನ ಪಕ್ಕದಲ್ಲಿರಬಹುದು. ಬಾಯಿ ಬಿಟ್ಟರೆ, ‘ಇಲ್ಲ’ ಅನ್ನಿಸಿಕೊಳ್ಳುವುದಷ್ಟೇ ಅಲ್ಲ, ಇದ್ದ ಜಾಗವೂ ಹೋದೀತು. ಹುಡುಗಿಗೆ ಪ್ರಪೋಸ್ ಮಾಡಿ ಒಲ್ಲೆ ಅನ್ನಿಸಿಕೊಂಡವನು ಸಂಜೆ ದೋಸ್ತನ ರೂಮಿಗೆ ಹೋಗಿ ಅಳುತ್ತಾನೆ. ಇವನು ಹೋಗಬೇಕಾದ ರೂಮೇ ಅದು.

ಇದನ್ನು ಯೋಚಿಸಿದ ಮೇಲೆ ಆ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ಮೋಸ ಅಲ್ಲ. ಗೆಳೆತನ ಮೊದಲು ಬಂತು, ಇನ್ನೊಂದು ಆಮೇಲೆ ಅದರೊಳಗೇ ಬೆಳೆಯಿತು. ಪರೀಕ್ಷೆಯ ಹಿಂದಿನ ರಾತ್ರಿ ನಿನಗೆ ಸಿಗ್ನಲ್ಸ್ ಹೇಳಿಕೊಟ್ಟದ್ದು ಸುಳ್ಳಾಗುವುದಿಲ್ಲ. ಇದೇನು ಸೊನ್ನೆ-ಒಂದು ಅಂತ ಬೇರೆ ಮಾಡಿಡುವ ಲೆಕ್ಕ ಅಲ್ಲ. ಪ್ರಶ್ನೆ ಕೇಳಿದವನು ಪೂರ್ತಿ ಒಪ್ಪಿದ ಅಂತ ನಾವು ಹೇಳುವುದಿಲ್ಲ. ‘ನಂಗ ಹೇಳಿದ್ರ ನಾ ಏನ ಮಾಡ್ತಿದ್ದೆನೋ ಏನೋ’ ಅಂದ. ಅದು ಪ್ರಾಮಾಣಿಕ ಮಾತು.

ಇನ್ನು ಬಜೆಟ್ಟಿನ ವಿಷಯ. ‘ರೊಕ್ಕಿಲ್ಲದ್ದಕ್ಕ ಬರೇ ಇಬ್ಬರನ್ನ ಕಾರಿನಾಗ ಕುಂದ್ರಿಸ್ಯಾರ’ ಅಂತ ಒಬ್ಬ ಗೊಣಗಿದ. ರೊಕ್ಕ ಯಾಕಿಲ್ಲ ಅನ್ನೋದಕ್ಕೆ ಕಾರಣವಿದೆ. ಒಂದು ಚಿತ್ರದ ಗಳಿಕೆ ಟಾಕೀಸಿನಿಂದ ಮಾತ್ರ ಬರುವುದಲ್ಲ. ಟೀವಿ ಹಕ್ಕು, ಓಟಿಟಿ ಹಕ್ಕು, ಡಬ್ಬಿಂಗ್ ಹಕ್ಕು ಸೇರಿ ಲೆಕ್ಕ ಕೂಡಬೇಕು. ಸೆನ್ಸಾರ್ ‘ಎ’ ಸರ್ಟಿಫಿಕೇಟ್ ಕೊಟ್ಟರೆ ಆ ಚಿತ್ರ ಇದ್ದ ಹಾಗೇ ಟೀವಿಯಲ್ಲಿ ಬರುವಂತಿಲ್ಲ. ಅಲ್ಲಿಗೆ ಒಂದು ದೊಡ್ಡ ಬಾಗಿಲು ಮುಚ್ಚಿತು. ದೊಡ್ಡ ನಟ ಒಪ್ಪುವುದಿಲ್ಲ, ಅವನಿಲ್ಲದೆ ನಿರ್ಮಾಪಕ ಬರುವುದಿಲ್ಲ, ನಿರ್ಮಾಪಕನಿಲ್ಲದೆ ಹಂಚಿಕೆದಾರ ಫೋನೆತ್ತುವುದಿಲ್ಲ. ಉಳಿಯುವುದು ಇಬ್ಬರು ನಟರು, ಒಂದು ಕಾರು, ಒಂದು ಹೋಟೆಲ್ ರೂಮು, ಒಂದು ಬೆಟ್ಟ.

ಆದರೆ ಈ ಕತೆಗೆ ಬೇಕಾದದ್ದೂ ಅಷ್ಟೇ ಅಲ್ಲವೇ? ಹೇಳದ ಮಾತನ್ನು ತೋರಿಸಲು ಕ್ರೇನ್ ಬೇಕಿಲ್ಲ. ಕ್ಯಾಮೆರಾ ಮುಖದ ಹತ್ತಿರ ಬಂದು ಸುಮ್ಮನೆ ನಿಲ್ಲಬೇಕು. ಅಮೆರಿಕದ ‘ಮೂನ್‌ಲೈಟ್’ 2016ರದು. ಸಣ್ಣ ಬಜೆಟ್ಟು, ಅದರಲ್ಲೂ ಬಾಲ್ಯದ ಇಬ್ಬರು ಗೆಳೆಯರೇ. ಅದಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಅದರ ಕೊನೆಯ ಭಾಗದಲ್ಲಿ ಒಬ್ಬ ಅಡುಗೆ ಮಾಡಿ ಬಡಿಸುತ್ತಾನೆ, ಇನ್ನೊಬ್ಬ ಉಣ್ಣುತ್ತಾನೆ, ಇಬ್ಬರೂ ಮಾತು ಹುಡುಕುತ್ತಾರೆ. ರೊಕ್ಕ ಹೆಚ್ಚಿದ್ದಿದ್ದರೆ ಅಲ್ಲೊಂದು ಹಾಡು ತುರುಕುತ್ತಿದ್ದರೇನೋ!

ಕನ್ನಡದಲ್ಲಿ? ಇಲ್ಲಿ ನಮಗೆ ಸ್ವಲ್ಪ ಬೇಸರವಿದೆ. ಎಲ್ಲರೂ ತಟ್ಟನೆ ಹೇಳುವ ಹೆಸರು ‘ನಾನು ಅವನಲ್ಲ... ಅವಳು’. ಬಿ.ಎಸ್. ಲಿಂಗದೇವರು ನಿರ್ದೇಶನದ ಈ ಚಿತ್ರ 2015ರಲ್ಲಿ ಬಿಡುಗಡೆಯಾಯಿತು, ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತು. ಒಳ್ಳೆಯ ಚಿತ್ರ, ಆದರೆ ಬೇರೆ ವಿಷಯ. ಅದು ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕತೆ ಆಧರಿಸಿದ್ದು, ಗಂಡಾಗಿ ಹುಟ್ಟಿದವರು ತಾನು ಹೆಣ್ಣೆಂದು ಅರಿತು ಬದುಕಿದ ಕತೆ. ‘ನಾನು ಯಾರು’ ಅನ್ನೋದು ಅಲ್ಲಿನ ಪ್ರಶ್ನೆ. ‘ನಾನು ಯಾರನ್ನು ಪ್ರೀತಿಸುತ್ತೇನೆ’ ಅನ್ನೋದು ಇಲ್ಲಿನ ಪ್ರಶ್ನೆ. ಗೇ ಹುಡುಗ ತನ್ನನ್ನು ಗಂಡು ಅಂತಲೇ ತಿಳಿದಿರುತ್ತಾನೆ. ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಎರಡಕ್ಕೂ ಒಂದೇ ಬೈಗುಳ, ಒಂದೇ ಸ್ಟಿಕರ್ ಓಡುತ್ತದೆ. ನಮ್ಮ ಗ್ರೂಪಿನಲ್ಲೂ ಓಡುತ್ತಿತ್ತು.

ಇನ್ನೊಂದು ಚಿತ್ರ ಕರ್ನಾಟಕದ ನೆಲದಲ್ಲೇ ತಯಾರಾಯಿತು, ಆದರೆ ಹಿಂದಿಯಲ್ಲಿ. ಮಂಡ್ಯದಲ್ಲಿ ಹುಟ್ಟಿದ ಶ್ರೀಧರ್ ರಂಗಾಯನ್ ಅವರ ‘ಈವ್ನಿಂಗ್ ಶ್ಯಾಡೋಸ್’. 2018ರದು, ಜನರಿಂದ ಚಂದಾ ಎತ್ತಿ ಮಾಡಿದ್ದು. ದಕ್ಷಿಣದ ಸಣ್ಣ ಊರಿಗೆ ಮರಳಿದ ಮಗ ತಾಯಿಗೆ ತನ್ನ ಸತ್ಯ ಹೇಳುತ್ತಾನೆ. ಈಚೆಗೆ, 2025ರಲ್ಲಿ, ಪಕ್ಕದ ಮರಾಠಿಯಲ್ಲಿ ರೋಹನ್ ಕಾನವಡೆ ಅವರ ‘ಸಾಬರ್ ಬೋಂಡ’ ಬಂತು. ಅಂದರೆ ಪಾಪಾಸುಕಳ್ಳಿ ಹಣ್ಣು. ತಂದೆಯ ತಿಥಿಗೆ ಹಳ್ಳಿಗೆ ಬಂದವನಿಗೆ ಬಾಲ್ಯದ ಗೆಳೆಯ ಸಿಗುತ್ತಾನೆ. ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ವಿಶ್ವ ಸಿನಿಮಾ ವಿಭಾಗದ ಮುಖ್ಯ ಬಹುಮಾನ ಗೆದ್ದಿತು. ಬೆಳಗಾವಿ ದಾಟಿದರೆ ಸಿಗುವ ಭಾಷೆಯಲ್ಲಿ ಇದು ಸಾಧ್ಯವಾಯಿತು.

ಹಾಗಂತ ಕನ್ನಡದಲ್ಲಿ ಈ ಕತೆಯೇ ಇಲ್ಲ ಅಂತಲ್ಲ. ತೆರೆಯ ಮೇಲೆ ಹುಡುಕುವುದು ಬಿಟ್ಟು ಪುಸ್ತಕದ ಕಪಾಟಿನಲ್ಲಿ ಹುಡುಕಬೇಕು. 2013ರಲ್ಲಿ ಬಂದ ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥಾಸಂಕಲನ. ವಸುಧೇಂದ್ರ ಬಳ್ಳಾರಿ ಸೀಮೆಯ ಸಂಡೂರಿನವರು. ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್, ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಂ.ಇ. ಓದಿ ಬಹಳ ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವರು. ಅಂದರೆ ಹಾಸ್ಟೆಲ್, ಮೆಸ್ಸು, ಪ್ಲೇಸ್‌ಮೆಂಟು ಎಲ್ಲ ದಾಟಿ ಬಂದ ನಮ್ಮ ಸೀನಿಯರ್ರೇ. ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಬರೆದು ಮನೆಮನೆಯ ಲೇಖಕರಾಗಿದ್ದವರು, ಮೋಹನಸ್ವಾಮಿಯ ಮೊದಲ ಕತೆಯನ್ನು ಬೇರೊಂದು ಹೆಸರಿನಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಸಂಕಲನ ಬಂದಾಗ ತಮ್ಮ ಹೆಸರನ್ನೇ ಇಟ್ಟರು, ತಾವು ಗೇ ಎಂದು ಹೇಳಿಯೂ ಬಿಟ್ಟರು. ಅದೇ 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ನನ್ನು ಎತ್ತಿಹಿಡಿಯಿತು. ಅಂಥ ಹೊತ್ತಿನಲ್ಲಿ ಹಾಗೆ ಹೇಳಿದ್ದು ಅಂತ ನೆನಪಿಡಬೇಕು.

ಅದರಲ್ಲಿ ಮೋಹನಸ್ವಾಮಿಗೆ ಕಾರ್ತಿಕ್ ಮೇಲೆ ಪ್ರೀತಿ. ಇಬ್ಬರೂ ಬಹಳ ಕಾಲ ಜೊತೆಗಿದ್ದವರು. ಕಾರ್ತಿಕ್ ಒಂದು ದಿನ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಲೋಕದ ಕಣ್ಣಿಗೆ ಅದು ಸಂಭ್ರಮ. ಮೋಹನಸ್ವಾಮಿ ‘ಬೆಸ್ಟ್ ಫ್ರೆಂಡ್’ ಆಗಿ ನಗುತ್ತ ನಿಲ್ಲಬೇಕು. ಅವನ ನಷ್ಟಕ್ಕೆ ಸಾಂತ್ವನ ಹೇಳಲು ಯಾರಿಗೂ ಅದು ನಷ್ಟ ಅಂತಲೇ ಗೊತ್ತಿಲ್ಲ. ಜೈನ ಸಂಕಟಕ್ಕಿಂತ ಇದು ನಮಗೆ ಹೆಚ್ಚು ತಟ್ಟಿತು. ಯಾಕಂದರೆ ಇಲ್ಲಿ ನ್ಯೂಯಾರ್ಕ್ ಇಲ್ಲ, ಚಪ್ಪರ, ಅಕ್ಕಿಕಾಳು, ಮದುವೆ ಊಟ ಇವೆ. ರಶ್ಮಿ ತೇರದಾಳ್ ಅವರ ಇಂಗ್ಲಿಷ್ ಅನುವಾದ 2016ರಲ್ಲಿ ಬಂದಿದೆ. ಕನ್ನಡ ಓದಲು ಬಾರದ ರೂಮ್‌ಮೇಟಿಗೆ ಕೊಡಬಹುದು.

ಒಂದು ಪದದ ಬಗ್ಗೆ ನಮ್ಮ ತಕರಾರು. ಪೇಪರಿನವರು ‘ಸಲಿಂಗಕಾಮಿ’ ಅಂತ ಬರೆಯುತ್ತಾರೆ. ಹುಡುಗಿಯನ್ನು ಪ್ರೀತಿಸಿದವನಿಗೆ ‘ಪ್ರೇಮಿ’ ಅಂತೀವಿ, ಹುಡುಗನನ್ನು ಪ್ರೀತಿಸಿದವನಿಗೆ ಮಾತ್ರ ‘ಕಾಮಿ’ಯೇ? ಆ ಪದ ಬಂದ ಕೂಡಲೇ ಓದುವವರ ತಲೆ ಹಾಸಿಗೆಗೆ ಹೋಗುತ್ತದೆ. ಮೋಹನಸ್ವಾಮಿಯ ಕಣ್ಣೀರು ಕಾಣುವುದೇ ಇಲ್ಲ. ‘ಸಲಿಂಗ ಪ್ರೇಮಿ’ ಅನ್ನಬಹುದು, ‘ಗೇ’ ಅಂದರೂ ಈಗ ಎಲ್ಲರಿಗೂ ತಿಳಿಯುತ್ತದೆ.

ಕಾನೂನನ್ನು ಬೇಗ ಮುಗಿಸುತ್ತೇವೆ. 2018ರ ಸೆಪ್ಟೆಂಬರ್ 6ರಿಂದ ಒಪ್ಪಿಗೆಯಿರುವ ಇಬ್ಬರು ವಯಸ್ಕರ ಸಂಬಂಧ ಅಪರಾಧವಲ್ಲ. ಆ ಕೇಸಿನಲ್ಲಿ ಅರ್ಜಿ ಹಾಕಿದವರಲ್ಲಿ ಐಐಟಿಗಳಲ್ಲಿ ಓದಿದ, ಓದುತ್ತಿದ್ದ 20 ಮಂದಿಯೂ ಇದ್ದರು. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರ ತೀರ್ಪು ಕೊಡಲಿಲ್ಲ. ಇವೆರಡಕ್ಕಿಂತ ನಮ್ಮ ರೂಮಿಗೆ ಹತ್ತಿರದ್ದು 2017ರ ಆಗಸ್ಟ್ 24ರ ಖಾಸಗಿತನದ ತೀರ್ಪು. ಅರ್ಜಿದಾರರು ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಯಾರು ಯಾರತ್ತ ಒಲಿಯುತ್ತಾರೆ ಅನ್ನೋದು ಆ ವ್ಯಕ್ತಿಯ ಖಾಸಗಿತನದ ಭಾಗ ಅಂತ ಆ ತೀರ್ಪು ಹೇಳಿತು.

ಇದು ಹತ್ತಿರದ್ದು ಯಾಕಂದರೆ, ಒಂದು ದಿನ ನಿಮ್ಮ ದೋಸ್ತ ಬಾಯಿ ಬಿಟ್ಟ ಅಂತ ಇಟ್ಟುಕೊಳ್ಳಿ. ನಿಮಗೆ ಹಾಗೆ ಅನ್ನಿಸದಿದ್ದರೆ ‘ಇಲ್ಲಪ್ಪ’ ಅನ್ನುವುದರಲ್ಲಿ ಯಾವ ತಪ್ಪೂ ಇಲ್ಲ. ಆಸೆ ಉಳಿಯದ ಹಾಗೆ ಸ್ಪಷ್ಟವಾಗಿ ಅನ್ನಬೇಕು ಕೂಡ. ಅವನೂ ಅದನ್ನು ಕೇಳಿ ಅಲ್ಲಿಗೇ ನಿಲ್ಲಿಸಬೇಕು. ಜೈ ಮಾಡಿದ ತಪ್ಪು ಅದೇ. ಆದರೆ ನೀವು ಮಾಡಬಾರದ ಕೆಲಸ ಒಂದಿದೆ: ಅವನ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು ಇನ್ನೊಬ್ಬರಿಗೆ ಕಳಿಸುವುದು. ಮಾರನೆ ದಿನ ಕ್ಲಾಸು, ಅದರ ಮಾರನೆ ದಿನ ಅವನ ಮನೆ. ಆಮೇಲೆ ಆ ಹುಡುಗ ಏನು ಮಾಡಿಕೊಳ್ಳುತ್ತಾನೆ ಅನ್ನೋದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಮರುದಿನ ಬೆಳಗ್ಗೆ ಎಂದಿನ ಹಾಗೆ ‘ಚಾ ಕುಡ್ಯಾಕ ಬರ್ತಿಯೇನಲೇ?’ ಅಂತ ಕೇಳಿದರೆ ಅವನಿಗೆ ಅರ್ಧ ಜೀವ ಬಂದೀತು. ಬರಲಿ ಬಿಡಲಿ, ಕೇಳಿದ್ದು ಅವನಿಗೆ ಗೊತ್ತಾಗುತ್ತದೆ.

ಆ ರಾತ್ರಿ ಎಲ್ಲರೂ ಎದ್ದು ಹೋಗುವಾಗ ಯಾರೋ ‘ಮೋಹನಸ್ವಾಮಿ’ಯ ನಮ್ಮ ಪ್ರತಿ ಒಯ್ದರು. ಯಾರು ಅಂತ ನಾವು ವಿಚಾರಿಸಿಲ್ಲ. ಇನ್ನೊಂದು ಪ್ರತಿ ತಂದು ಕ್ಲಬ್ಬಿನ ಕಪಾಟಿನಲ್ಲಿ ಎರಡನೇ ಹಲಗೆಯ ಮೇಲೆ, ಕಾರಂತ ಮತ್ತು ತೇಜಸ್ವಿ ಪುಸ್ತಕಗಳ ನಡುವೆ ಇಟ್ಟಿದ್ದೇವೆ. ಅದಕ್ಕೆ ರಿಜಿಸ್ಟರಿನಲ್ಲಿ ಸಹಿ ಮಾಡಬೇಕಾಗಿಲ್ಲ.